ಗೋಡೆಯಾಚೆಯ ಗರಡಿ

ನಮ್ಮ ಮನೆಯಲ್ಲಿ ಕರೆದ ಹಾಲು ಮೊದಲು ಗರಡಿಗೆ ಹೋಗುತ್ತಿತ್ತು, ಮಿಕ್ಕದ್ದು ಅಡುಗೆಮನೆಗೆ ಬರುತ್ತಿತ್ತು. ನ್ಯಾಮತಿಯ ಪೇಟೆ ಓಣಿಯಲ್ಲಿದ್ದ ಆ ಮನೆಯ ಬೀದಿ ಕಡೆಯ ಅರ್ಧ ಭಾಗ ಕುಸ್ತಿಯ ಗರಡಿ. ಹಿಂದಿನ ಅರ್ಧದಲ್ಲಿ ಅಪ್ಪ, ಅವ್ವ, ಅಣ್ಣ, ನಾನು. ಎರಡಕ್ಕೂ ನಡುವೆ ಒಂದೇ ಮಣ್ಣಿನ ಗೋಡೆ. ಪಡಸಾಲೆಯಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಆಚೆ ಬದಿಯಲ್ಲಿ ಹುಡುಗರು ದಂಡ ಹೊಡೆಯುವ ಏದುಸಿರು, ತೊಡೆ ತಟ್ಟುವ ಸದ್ದು, ಮೈ ಮಣ್ಣಿಗೆ ಬಿದ್ದಾಗಿನ ಧಪ್ಪೆಂಬ ಸದ್ದು ಎಲ್ಲವೂ ಬೆನ್ನೊಳಗೇ ಇಳಿಯುತ್ತಿದ್ದವು. ಬಿದ್ದವನು ಯಾರೆಂದು ಸದ್ದಿನಿಂದಲೇ ಹೇಳುವಷ್ಟು ನಾನು ಪಳಗಿದ್ದೆ. ಅವ್ವ ಅಡುಗೆಯ ಹೊತ್ತನ್ನೂ ಗೋಡೆಯಿಂದಲೇ ತಿಳಿಯುತ್ತಿದ್ದಳು. ಆಚೆ ಕಡೆ ಸಾಮು ಮುಗಿದು ಮೈಮೇಲೆ ನೀರು ಸುರಿದುಕೊಳ್ಳುವ ಸದ್ದು ಬಂತೆಂದರೆ ಹಂಚಿನ ಮೇಲೆ ಮೊದಲ ರೊಟ್ಟಿ ಬೀಳುತ್ತಿತ್ತು.

ಗರಡಿಯ ಒಳಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಆದರೆ ಅಲ್ಲಿನ ಮಣ್ಣಿಗೆ, ಕುಸ್ತಿಯವರು ಮಟ್ಟಿ ಎನ್ನುವ ಆ ಕೆಂಪು ಹುಡಿಗೆ ಬೇಕಾದದ್ದೆಲ್ಲ ಅವ್ವನ ಕೈಯಿಂದಲೇ ಹೋಗಬೇಕಿತ್ತು. ಅರಿಶಿನ ಕುಟ್ಟುವವಳು ಅವಳು, ಮಜ್ಜಿಗೆ ಕಡೆಯುವವಳು ಅವಳು, ನಿಂಬೆಹಣ್ಣು ಹಿಂಡಿ ಬೀಜ ಆರಿಸುವವಳು ಅವಳು. ಎಣ್ಣೆ, ಕರ್ಪೂರ, ಮಜ್ಜಿಗೆಯ ಗಡಿಗೆ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಗರಡಿಯ ಬಾಗಿಲವರೆಗೆ ಹೊತ್ತೊಯ್ದು ಹೊಸ್ತಿಲ ಮೇಲಿಟ್ಟು ಹಿಂದಕ್ಕೆ ಸರಿಯುತ್ತಿದ್ದಳು. ಆ ಬಾಗಿಲು ಬಹಳ ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗಿನ ಹನುಮಪ್ಪನ ಪಟದ ಮುಂದೆ ಉರಿಯುವ ದೀಪ ಮಾತ್ರ ನಮಗೆ ಹೊರಗಿನಿಂದ ಕಾಣುತ್ತಿತ್ತು. ಮಟ್ಟಿ ಎಷ್ಟು ಅಗಲ, ಎಷ್ಟು ಆಳ ಎಂಬುದು ಆ ಮನೆಗೆ ಸೊಸೆಯಾಗಿ ಬಂದು ಇಬ್ಬರು ಮಕ್ಕಳನ್ನು ಹೆತ್ತ ಅವ್ವನಿಗೂ ಗೊತ್ತಿರಲಿಲ್ಲ.

ಅಪ್ಪ, ಪೈಲ್ವಾನ್ ಭರಮಪ್ಪ, ಹೊನ್ನಾಳಿ, ಚನ್ನಗಿರಿ ಕಡೆಯ ಅಖಾಡಗಳಲ್ಲಿ ಹೆಸರು ಮಾಡಿದವನು. ಅವನ ಕಿವಿಗಳೆರಡೂ ಹಿಚುಕಿಸಿಕೊಂಡು ಹಿಚುಕಿಸಿಕೊಂಡು ಒಣಗಿದ ಅಣಬೆಯಂತಾಗಿದ್ದವು. ಕುಸ್ತಿ ಬಿಟ್ಟ ಮೇಲೆ ಒಂದಿಷ್ಟು ಜೋಳದ ಹೊಲ, ಬೆಳಿಗ್ಗೆ ಸಂಜೆ ಗರಡಿ, ಇಷ್ಟೇ ಅವನ ಲೋಕ. ಹುಡುಗರಿಗೆ ಪುಕ್ಕಟೆ ಕಲಿಸುತ್ತಿದ್ದ. ಅವನಿಗೆ ಒಂದೇ ಕೊರಗು: ಸರ್ಕಾರ ಕುಸ್ತಿಯವರ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು. ಊರಿಗೆ ಯಾವ ಅಧಿಕಾರಿ ಬಂದರೂ ರುಮಾಲು ಸುತ್ತಿಕೊಂಡು ಹೋಗಿ ಕೈಮುಗಿದು ನಿಲ್ಲುತ್ತಿದ್ದ. ಗರಡಿಗೆ ಹೆಂಚು ಹಾಕಿಸಿಕೊಡಿ, ಹುಡುಗರಿಗೆ ಒಂದು ಲೋಟ ಹಾಲಿಗೆ ದಾರಿ ಮಾಡಿ ಎಂದು ಕೇಳಿ, ಆಗಲಿ ಎಂಬ ಮಾತನ್ನು ಹೊತ್ತುಕೊಂಡು ಬರುತ್ತಿದ್ದ. ಒಂದು ಸಲ ಮಳೆಗಾಲಕ್ಕೆ ಮುಂಚೆ ಕೈಯಲ್ಲಿದ್ದ ಹೆಂಚನ್ನೆಲ್ಲ ಗರಡಿಯ ಮೇಲೇ ಹೊದಿಸಿಬಿಟ್ಟ. ಮೊದಲ ಮಳೆಗೆ ಅಡುಗೆಮನೆಯಲ್ಲಿ ಒಲೆ ಆರಿತು. ಅವ್ವ ಹೊಗೆಯಿಂದ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತಾ ಪಡಸಾಲೆಗೆ ಬಂದಳು.

"ಒಲೆ ಮ್ಯಾಲೆ ಸೋರ್ತೈತೆ. ನಿಮಗೆ ಗರಡಿ ಹೆಂಚೇ ಮೊದಲಾತೇನ್ರಿ?"

"ಮಟ್ಟಿ ನೆಂದ್ರೆ ಕೆಸರಾಗ್ತೈತೆ ಕಣೇ. ಒಲೆ ಆ ಮೂಲಿಗೆ ಸರಿಸ್ಕೊ."

"ಒಲೆ ಸರಿಸ್ತೀನಿ. ನಾಳೆ ಇಲ್ಲೂ ಹುಡುಗ್ರನ್ನ ಕುಸ್ತಿಗೆ ಬಿಡ್ರಿ, ನಾನೂ ಸರೀತೀನಿ."

"ಸಿಟ್ಟಾಗಬ್ಯಾಡ ಓಬಮ್ಮ. ಸರ್ಕಾರ ಒಂದಲ್ಲ ಒಂದಿನ ನಮ್ಮ ಕಡೆ ನೋಡ್ತೈತೆ. ಅವಾಗ ನಿನ್ನ ಒಲೆ ಮ್ಯಾಲೆ ಆರ್‌ಸಿಸಿ ಹಾಕಿಸ್ತೀನಿ."

ಅವ್ವ ನಕ್ಕುಬಿಟ್ಟಳು. ಅವರ ಜಗಳಗಳೆಲ್ಲ ಹಾಗೇ ಮುಗಿಯುತ್ತಿದ್ದವು. ಅವ್ವ ಜಗಳೂರು ಕಡೆಯವಳು, ಬಯಲುಸೀಮೆಯ ಗಟ್ಟಿ ಮಾತಿನವಳು. ಅಪ್ಪ ಅವಳ ಮಾತಿಗೆ ಸೋಲುವುದನ್ನು ಒಂದು ಸಂತೋಷವೆಂದೇ ಇಟ್ಟುಕೊಂಡಿದ್ದ. ಅವರಿಬ್ಬರ ಮಾತು ನಿಂತುಹೋಗಬಹುದೆಂದು ನನಗೆ ಕನಸಿನಲ್ಲೂ ಅನಿಸಿರಲಿಲ್ಲ.

ಅಣ್ಣನ ಹೆಸರು ಹನುಮಂತ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವನು. ಆ ಮನೆಯ ಊಟ, ನಿದ್ದೆ, ಖರ್ಚು ಎಲ್ಲವೂ ಅವನ ಮೈಯ ಸುತ್ತ ತಿರುಗುತ್ತಿತ್ತು. ಬಾದಾಮಿ ನೆನೆಹಾಕಿ ಗಸಗಸೆಯೊಂದಿಗೆ ಅರೆದು ಹಾಲಿಗೆ ಬೆರೆಸಿಕೊಡುವುದು ಅವ್ವನ ಮುಂಜಾನೆಯ ಕೆಲಸ. ಭಾನುವಾರ ಆಡಿನ ಕಾಲಿನ ಸಾರು, ಅದರಲ್ಲಿ ಮೂಳೆಯೊಳಗಿನ ನೆಣ ಅಣ್ಣನಿಗೆ, ತಿಳಿ ನಮಗೆ. ಇದರಲ್ಲಿ ಅನ್ಯಾಯವಿದೆಯೆಂದು ನನಗೆ ಹೊಳೆಯದಂತೆ ನೋಡಿಕೊಂಡವನೂ ಅವನೇ. ಲೋಟದ ತಳದಲ್ಲಿ, ಅರೆದದ್ದೆಲ್ಲ ಇಳಿದು ನಿಂತಿದ್ದ ಬಾದಾಮಿ ಹಾಲನ್ನು ಎರಡು ಗುಟುಕು ಉಳಿಸಿ, ಅಪ್ಪ ಆ ಕಡೆ ತಿರುಗಿದಾಗ ನನ್ನ ಕೈಗೆ ತುರುಕುತ್ತಿದ್ದ. ಕುಡಿದ ಮೇಲೆ ನನ್ನ ತೋಳು ಮುಟ್ಟಿ ನೋಡಿ, "ಮಂಜೀ, ಇನ್ನೊಂದು ವರ್ಷಕ್ಕೆ ನನ್ನೇ ಚಿತ್ ಮಾಡ್ತೀಯ ಬಿಡು" ಅನ್ನುತ್ತಿದ್ದ. ಅಷ್ಟು ದೊಡ್ಡ ಮೈ, ಆದರೆ ದನಿ ಮೆತ್ತಗೆ. ಓಣಿಯ ನಾಯಿಗಳೂ ಅವನಿಗೆ ಹೆದರುತ್ತಿರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಸರ್ಕಾರ ಕೊನೆಗೂ ನಮ್ಮ ಕಡೆ ನೋಡಿತು. ಒಂದು ಮಧ್ಯಾಹ್ನ ಮೋಟಾರು ಬೈಕಿನಲ್ಲಿ ಕ್ರೀಡೆಯ ಸೂಪರ್‌ವೈಸರೊಬ್ಬರು ಗರಡಿ ಹುಡುಕಿಕೊಂಡು ಬಂದರು. ತೆಳ್ಳಗಿನ, ಮಾತಿಗೆ ಮುಂಚೆ ಕೆಮ್ಮುವ ಮನುಷ್ಯ. ಕುಸ್ತಿ, ಕಬಡ್ಡಿ, ಗುಂಡು ಎತ್ತುವುದು ಇಂಥ ದೇಸಿ ಆಟಗಳಿಗೆ ಸರ್ಕಾರ ನೆರವು ಕೊಡುತ್ತದೆಂದೂ, ಜಗಳೂರಿನಲ್ಲಿ ದೊಡ್ಡ ಕ್ರೀಡಾಕೂಟ ಇಟ್ಟಿದ್ದಾರೆಂದೂ ಹೇಳಿದರು. ಹಳೇ ಪೈಲ್ವಾನರಿಗೆ ವೇದಿಕೆಯ ಮೇಲೆ ಸನ್ಮಾನ, ಆಮೇಲೆ ತಿಂಗಳಿಗಿಷ್ಟೆಂದು ಮಾಸಾಶನ. ಗೆದ್ದ ಹುಡುಗರಿಗೆ ಪೊಲೀಸ್ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ದಾರಿ. ಅಪ್ಪ ಅವರನ್ನು ಕೂರಿಸಿ ಹಾಲು ಕುಡಿಸಿದ. ಅವರು ಹೋದ ಮೇಲೆ ಪಡಸಾಲೆಯ ನಡುವೆ ನಿಂತು, ಯಾರ ಮುಖವನ್ನೂ ನೋಡದೆ, ಎರಡೂ ಕೈಯಲ್ಲಿ ರುಮಾಲು ಹಿಡಿದುಕೊಂಡು ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ಆ ಸಂಜೆ ಶಾವಿಗೆ ಪಾಯಸ ಮಾಡಿದಳು.

ಕ್ರೀಡಾಕೂಟದ ಹಿಂದಿನ ದಿನವೇ ನಾವು ನಾಲ್ವರೂ ಹೊರಟೆವು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ದಾವಣಗೆರೆ, ಅಲ್ಲಿಂದ ಜಗಳೂರು. ಅವ್ವನಿಗೆ ಗಂಡ ಮಗ ಇಬ್ಬರೂ ತನ್ನ ತವರಿನ ಜನರೆದುರು ಮೆರೆಯುತ್ತಾರೆಂಬ ಹಿಗ್ಗು. ಸೋದರಮಾವನ ಮನೆಯಲ್ಲಿ ಶೇಂಗಾ ಚಟ್ನಿ, ಜೋಳದ ರೊಟ್ಟಿ, ಅಂಗಳದ ತುಂಬ ಹಾಸಿದ ಕಂಬಳಿಗಳು. ಅಣ್ಣ ಮಾವನ ಮಕ್ಕಳನ್ನು ಎರಡೂ ತೋಳಿಗೆ ಜೋತುಹಾಕಿಕೊಂಡು ಸುತ್ತುತ್ತಿದ್ದ. ಅವನು ನಡೆದಾಡಿದ ಕೊನೆಯ ಸಂಜೆ ಅದು. ಆ ಸಂಜೆಯನ್ನು ನೆನೆದಾಗೆಲ್ಲ, ಅವನು ನೀರಿಗೆ ಎದ್ದು ಹೋದದ್ದು, ಚಪ್ಪಲಿಗೆ ಕಾಲು ತೂರಿಸಿದ್ದು, ಬಾಗಿಲ ಪಟ್ಟಿಗೆ ತಲೆ ತಾಗದಂತೆ ಬಗ್ಗಿದ್ದು, ಇಂಥ ಏನೂ ಅಲ್ಲದ ಚಲನೆಗಳೇ ನನಗೆ ಕಾಣುತ್ತವೆ.

ಮೈದಾನದಲ್ಲಿ ಶಾಮಿಯಾನ, ಬಾವುಟ, ಮೈಕು. ಜನವೋ ಜನ. ನಡುವೆ ಚೌಕಾಕಾರವಾಗಿ ಕೆಂಪು ಮಣ್ಣು ಸುರಿದು ಅಖಾಡ ಮಾಡಿದ್ದರು. ನಾನು ಅಣ್ಣನ ಟವೆಲ್ಲು, ನೀರಿನ ತಂಬಿಗೆ ಹಿಡಿದು ಅಪ್ಪನ ಪಕ್ಕದಲ್ಲಿದ್ದೆ. ಅಪ್ಪ ಚಪ್ಪಲಿ ಬಿಟ್ಟು ಅಖಾಡಕ್ಕಿಳಿದು ಹಿಮ್ಮಡಿಯಿಂದ ನಾಲ್ಕೂ ಕಡೆ ಗುದ್ದಿ ನೋಡಿದ. ಅವನ ಮುಖ ಕಪ್ಪಿಟ್ಟಿತು. ಸೂಪರ್‌ವೈಸರರನ್ನು ಕರೆದ.

"ಸಾರ್, ಮ್ಯಾಲಷ್ಟೇ ಮಣ್ಣು ಹಾಕೀರಿ. ಕೆಳಗೆ ನೆಲ ಅಗೆದೇ ಇಲ್ಲ. ಕಲ್ಲು ಇದ್ದಂಗೈತೆ."

ಅವರು ಕೆಮ್ಮಿದರು. ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಗೊತ್ತು ಪೈಲ್ವಾನ್ರೇ. ಮಣ್ಣಿನ ಟ್ರ್ಯಾಕ್ಟರ್ ದಾರ್ಯಾಗೆ ಕೆಟ್ಟು ನಿಂತಿತ್ತು. ಬಂದಷ್ಟು ಹಾಕ್ಸಿದೀನಿ. ನೀವು ಬ್ಯಾಡ ಅನ್ರಿ, ಕುಸ್ತಿ ಒಂದು ನಾಳೆಗೆ ಹಾಕೋಣು. ನಾನು ಹೇಳ್ತೀನಿ ಸಾಹೇಬ್ರಿಗೆ. ನೀವು ಹಿರೇರು, ನಿಮ್ಮ ಮಾತಿಗೆ ಇಲ್ಲ ಅನ್ನಲ್ಲ."

ಅಪ್ಪ ವೇದಿಕೆಯ ಕಡೆ ನೋಡಿದ. ಅಲ್ಲಿ ದೊಡ್ಡವರೆಲ್ಲ ಬಂದು ಕೂತಿದ್ದರು. ಒಂದು ತಟ್ಟೆಯಲ್ಲಿ ಶಾಲು, ಹಾರ, ಹಣ್ಣು ಜೋಡಿಸಿಟ್ಟಿದ್ದರು. ಜನ ಶಿಳ್ಳೆ ಹಾಕುತ್ತಿದ್ದರು. ಜೀವಮಾನವೆಲ್ಲ ಕೇಳಿಕೊಂಡದ್ದು ಬಂದು ಎದುರಿಗೆ ಕೂತಿರುವಾಗ, ನಾಳೆ ಬನ್ನಿ ಎಂದು ಹೇಳುವುದು ಅವನಿಂದಾಗಲಿಲ್ಲ. ಲಂಗೋಟಿ ಬಿಗಿದುಕೊಂಡು ಬಂದ ಅಣ್ಣ ಕೇಳಿದ.

"ಹೆಂಗೈತಪ್ಪ ಮಟ್ಟಿ?"

"ಪರವಾಗಿಲ್ಲ. ಆಡು."

ಅಣ್ಣನ ಎದುರಾಳಿ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ರುದ್ರೇಶಿ ಎಂಬ ಹುಡುಗ. ಅಣ್ಣನದೇ ವಯಸ್ಸು, ಅಣ್ಣನದೇ ಜೋಡು. ಇಬ್ಬರೂ ಕೈ ಮುಟ್ಟಿಕೊಂಡು ನಕ್ಕರು. ಬಹಳ ಹೊತ್ತು ಸಮಸಮವಾಗಿ ನಡೆಯಿತು. ಆಮೇಲೆ ರುದ್ರೇಶಿ ಬಗ್ಗಿ, ಅಣ್ಣನ ತೋಳನ್ನು ಹೆಗಲ ಮೇಲೆಳೆದುಕೊಂಡು ಎತ್ತಿ ಒಗೆದ. ನಮ್ಮ ಗರಡಿಯಲ್ಲಿ ದಿನವೂ ಕಾಣುವ ಧೋಬಿ ಪಟ್ಟು. ಅದರಲ್ಲಿ ಬಿದ್ದವರು ಮಣ್ಣು ಕೊಡವಿಕೊಂಡು ಏಳುತ್ತಾರೆ. ಅಣ್ಣ ತಲೆ ಕೆಳಗಾಗಿ ಬಿದ್ದ. ಧಪ್ಪೆಂಬ ಸದ್ದು ಬರಲಿಲ್ಲ. ಒಣಗಿದ ಕಟ್ಟಿಗೆ ಮುರಿದಂಥ ಸಣ್ಣ ಸದ್ದು ಬಂತು. ರುದ್ರೇಶಿ ಗೆದ್ದೆನೆಂದು ಕೈ ಎತ್ತಿದವನು ಅಣ್ಣನ ಕಣ್ಣು ನೋಡಿ ಕೈ ಇಳಿಸಿದ. ಅಣ್ಣ ಎಚ್ಚರದಲ್ಲೇ ಇದ್ದ. "ಅಪ್ಪಾ, ನನ್ನ ಕಾಲು ಎಲ್ಲಿ ಅದಾವೆ?" ಎಂದು ಕೇಳಿದ.

ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಕತ್ತಿನ ಮೂಳೆ ಮುರಿದಿದೆಯೆಂದೂ, ಜೀವಕ್ಕೆ ಈಗ ಭಯವಿಲ್ಲ, ಆದರೆ ಕೈಕಾಲಿಗೆ ಬಲ ಬರುವುದಿಲ್ಲವೆಂದೂ ಹೇಳಿದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅಪ್ಪ, ಅವ್ವ, ನಡುವೆ ನಾನು. ಅಪ್ಪನ ಹೆಗಲ ಮೇಲೆ ಸನ್ಮಾನದ ಶಾಲು ಇನ್ನೂ ಹಾಗೇ ಇತ್ತು. ಯಾರು ಯಾವಾಗ ಹೊದಿಸಿದರೋ ಅವನಿಗೇ ಗೊತ್ತಿರಲಿಲ್ಲ. ಅವನಾಗಿಯೇ ಬಾಯಿ ಬಿಟ್ಟ.

"ಓಬಮ್ಮ, ನೆಲ ಗಟ್ಟಿ ಐತೆ ಅಂತ ನಂಗೆ ಗೊತ್ತಿತ್ತು. ಬ್ಯಾಡ ಅನ್ರಿ ಅಂತ ಅವ್ರೂ ಅಂದ್ರು. ನಾನೇ ಆಡು ಅಂದೆ."

ಅವ್ವ ಅವನ ಕಡೆ ತಿರುಗಿದಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಸುಮ್ಮನೆ ಎದ್ದು ಹೋಗಿ ಬೆಂಚಿನ ಆಚೆ ತುದಿಗೆ ಕೂತಳು. ಅಂದಿನಿಂದ ಅಪ್ಪನೊಂದಿಗೆ ಅವಳ ಮಾತು ನಿಂತಿತು.

ಈಗ ಪೇಪರಿನಲ್ಲಿ ದೇಸಿ ಕ್ರೀಡೆಗೆ ಪ್ರೋತ್ಸಾಹ, ಗರಡಿ ಮನೆಗಳಿಗೆ ಅನುದಾನ ಎಂಬ ಸುದ್ದಿ ಕಂಡರೆ ನಾನು ಪೂರ್ತಿ ಓದುತ್ತೇನೆ. ಬೇಡವೆಂದು ನನಗೆ ಅನಿಸುವುದಿಲ್ಲ. ಬರಲಿ, ಇನ್ನೂ ಬರಲಿ. ಆದರೆ ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಕೈಗೆ ಬೇರೆ ಕೆಲಸ ಹತ್ತುವುದಿಲ್ಲ.

ಅಣ್ಣನನ್ನು ಮನೆಗೆ ತಂದ ಮೇಲೆ ಮನೆಯ ಎಲ್ಲ ವಸ್ತುಗಳೂ ಜಾಗ ಬದಲಿಸಿದವು. ಪಡಸಾಲೆಯಲ್ಲಿ ಗೋಡೆಗೆ ಒತ್ತಿ ಅವನ ಮಂಚ ಬಂತು. ಅವ್ವ ಅಡುಗೆಮನೆಯ ಬಾಗಿಲಿನಿಂದ ಅವನ ಮುಖ ಕಾಣುವಂತೆ ಒಲೆಯನ್ನು ಮತ್ತೆ ಸೋರುವ ಕಡೆಗೇ ಸರಿಸಿಕೊಂಡಳು. ಬಾದಾಮಿ ಅರೆಯುವ ಕಲ್ಲಿನಲ್ಲಿ ಈಗ ಗಂಜಿಗೆ ಬೇಳೆ ನುರಿಯುತ್ತಿದ್ದಳು. ಆಸ್ಪತ್ರೆಯ ಸಿಸ್ಟರು ನನಗೂ ಅವ್ವನಿಗೂ ತೋರಿಸಿಕೊಟ್ಟಿದ್ದರು: ಹೊತ್ತಿಗೆ ಸರಿಯಾಗಿ ಮಗ್ಗಲು ಬದಲಿಸಬೇಕು, ಸೊಂಟ, ಹಿಮ್ಮಡಿ, ಭುಜದ ಚರ್ಮ ಕೆಂಪಾಗಿದೆಯೇ ನೋಡುತ್ತಿರಬೇಕು, ಮೂತ್ರದ ನಳಿಕೆಯನ್ನು ಕೈ ತೊಳೆಯದೆ ಮುಟ್ಟಬಾರದು. ನಾನು ಆ ವರ್ಷ ಸ್ಕೂಲು ಬಿಟ್ಟೆ. ಯಾರೂ ಬಿಡು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮುಂದೆ ನಾನು ಮತ್ತೆ ಓದಿ ನರ್ಸ್ ಆದಾಗ ತರಬೇತಿಯಲ್ಲಿ ಕಲಿಸಿದ ಬಹಳಷ್ಟನ್ನು ನನ್ನ ಕೈಗಳು ಮೊದಲೇ ಕಲಿತಿದ್ದವು. ಒಂದು ಮೈಯನ್ನು ಕಟ್ಟಲು ಎಷ್ಟು ಜನ ಬೇಕೋ, ಅದನ್ನು ಹುಣ್ಣಾಗದಂತೆ ಕಾಯಲು ಅದಕ್ಕಿಂತ ಹೆಚ್ಚು ಜನ ಬೇಕೆಂದು ನನಗೆ ಆ ಪಡಸಾಲೆಯಲ್ಲೇ ತಿಳಿಯಿತು.

ಅಪ್ಪ ಗರಡಿಗೆ ಬೀಗ ಹಾಕಿದ. ಹುಡುಗರು ಬಂದು ಬಂದು ವಾಪಸು ಹೋದರು. ಅಣ್ಣನನ್ನು ಮುಟ್ಟಲು ಅಪ್ಪನಿಂದಾಗುತ್ತಿರಲಿಲ್ಲ. ಎತ್ತಬೇಕಾದಾಗ ಮಂಚದ ಹತ್ತಿರ ಬರುತ್ತಿದ್ದ, ಮುಟ್ಟದೆ ಹಿತ್ತಲಿಗೆ ಹೋಗಿಬಿಡುತ್ತಿದ್ದ. ಅವ್ವ ಅವನಿಗೆ ಹೇಳಬೇಕಾದ್ದನ್ನೆಲ್ಲ ನನ್ನ ಮೂಲಕ ಹೇಳುತ್ತಿದ್ದಳು. "ನಿಮ್ಮಪ್ಪಗೆ ಊಟಕ್ಕೆ ಹೇಳು." "ನಿಮ್ಮಪ್ಪಗೆ ನೀರು ಕಾದೈತೆ ಅನ್ನು." ಅಪ್ಪ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದ. ನಾನು ಅದೇ ಮಾತನ್ನು ಇನ್ನೊಮ್ಮೆ ಹೇಳಬೇಕಿತ್ತು. ಮಾಸಾಶನದ ಮೊದಲ ಮನಿಯಾರ್ಡರು ಬಂದ ದಿನ ಅಪ್ಪ ಪೋಸ್ಟ್‌ಮನ್ ಎದುರು ಕಂಬದಂತೆ ನಿಂತ. ಬೇಡ, ವಾಪಸು ಕಳಿಸು ಎಂದ. ಮಂಚದಿಂದ ಅಣ್ಣನ ದನಿ ಬಂತು.

"ಇಸ್ಕಳಪ್ಪ. ನೀನು ಕುಸ್ತಿ ಮಾಡಿದ್ದಕ್ಕೆ ಕೊಡ್ತಿರೋದು, ನಾನು ಬಿದ್ದಿದ್ದಕ್ಕಲ್ಲ."

ಅಪ್ಪ ಹೆಬ್ಬೆಟ್ಟು ಒತ್ತಿದ. ಆ ದುಡ್ಡನ್ನು ಪಡಸಾಲೆಯ ದೇವರ ಗೂಡಿನಲ್ಲಿಟ್ಟ. ಅವ್ವ ಅದರ ಮೇಲೆ ಕಣ್ಣೂ ಹಾಯಿಸಲಿಲ್ಲ. ಅಣ್ಣನ ಔಷಧಿ ಮುಗಿದಾಗ ಅದನ್ನು ತೆಗೆದುಕೊಂಡು ಅಂಗಡಿಗೆ ಓಡಿದವಳು ನಾನು.

ಒಂದು ಬೆಳಿಗ್ಗೆ ಬಾಗಿಲಲ್ಲಿ ರುದ್ರೇಶಿ ನಿಂತಿದ್ದ. ಕತ್ತಲಗೆರೆಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದನಂತೆ. ಬಾಳೆಹಣ್ಣಿನ ಚಿಪ್ಪು ಕೈಯಲ್ಲಿತ್ತು. ಮೈ ಅರ್ಧಕ್ಕರ್ಧ ಇಳಿದುಹೋಗಿತ್ತು. ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು.

"ಯಾಕೆ ಬಂದಿ?"

"ನೋಡಾಕೆ ಬಂದೆನವ್ವ."

"ನೋಡಿದ್ಯಲ್ಲ, ಅವತ್ತೇ."

ಅವನು ತಲೆ ತಗ್ಗಿಸಿ ಹಿಂದಕ್ಕೆ ತಿರುಗಿದ. ಒಳಗಿನಿಂದ ಅಣ್ಣ ಕರೆದ.

"ಅವ್ವಾ, ಅವನ್ನ ಒಳಗೆ ಬಿಡು. ಧೋಬಿ ಪಟ್ಟು ಅಷ್ಟು ಚೆಂದ ಹಾಕಿದವನು ಇನ್ನೊಬ್ಬ ಇಲ್ಲ. ಅವನು ತಪ್ಪು ಆಡಿಲ್ಲ."

ರುದ್ರೇಶಿ ಒಳಗೆ ಬಂದು ಮಂಚದ ಕಾಲ ಬುಡದಲ್ಲಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅಣ್ಣನಿಗೆ ಅವನ ಬೆನ್ನ ಮೇಲೆ ಕೈಯಿಡಲಾಗದು. ಸುಮ್ಮನೆ ಅವನ ಹೆಸರು ಕರೆಯುತ್ತಿದ್ದ. ಆ ದಿನ ಅಣ್ಣನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ ಸ್ನಾನ ಮಾಡಿಸಿದವನು ರುದ್ರೇಶಿ. ಅಲ್ಲಿಯವರೆಗೆ ನಾವು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆವು ಅಷ್ಟೇ. ತಲೆಗೆ ಬಿಸಿನೀರು ಬಿದ್ದಾಗ ಅಣ್ಣ ಹಾ ಎಂದದ್ದು ಅಡುಗೆಮನೆಗೂ ಕೇಳಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಟ್ಟೆ ಎರಡು ಹಾಕಿದಳು. ಅಂದಿನಿಂದ ರುದ್ರೇಶಿ ವಾರವಾರ ಬಂದ. ಹೊಲದ ಕೆಲಸವಿದ್ದರೂ ಬಂದ, ಬಸ್ಸಿಲ್ಲದಿದ್ದರೆ ಲಾರಿಯಲ್ಲಿ ಬಂದ. ಕುಸ್ತಿ ಬಿಟ್ಟುಬಿಡುತ್ತೇನೆ ಎಂದಾಗ ಅಣ್ಣ ಅವನನ್ನು ಬೈದ.

ಮಾರನೇ ವರ್ಷ ಅಣ್ಣ ಅಪ್ಪನಲ್ಲಿ ಒಂದನ್ನು ಬೇಡಿದ. ಗರಡಿ ತೆಗೆ, ಹುಡುಗರು ಬರಲಿ, ನನ್ನನ್ನು ಅಲ್ಲಿ ಮಲಗಿಸು, ನಾನು ಬಾಯಲ್ಲಿ ಹೇಳಿಕೊಡುತ್ತೇನೆ ಎಂದ. ಅಪ್ಪ ಆಗದು ಎಂದ. ಆ ಮಣ್ಣನ್ನು ಇನ್ನು ತುಳಿಯಲಾರೆ ಎಂದ. ಅಣ್ಣ ಮತ್ತೆ ಕೇಳಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಲು ನನಗೆ ಹೇಳಿ, ಆ ಮೌನದ ಗೋಡೆಯನ್ನು ನೋಡುತ್ತಾ ಮಲಗಿದ. ಊಟ ಬೇಡವೆಂದ. ಮರುದಿನವೂ ಬೇಡವೆಂದ. ಅವ್ವ ಗಂಜಿಯ ಬಟ್ಟಲನ್ನು ಕೆಳಗಿಟ್ಟು, ಹಿತ್ತಲಿನಿಂದ ಗುದ್ದಲಿ ತಂದು, ಬೀದಿ ಕಡೆಗೆ ನಡೆದಳು. ನಾನು ಹಿಂದೆ ಓಡಿದೆ. ಗುದ್ದಲಿಯ ಕಾವಿನಿಂದ ಬೀಗಕ್ಕೆ ಬಡಿದು ಚಿಲಕ ಕಿತ್ತಳು. ಓಣಿಯವರು ನಿಂತು ನೋಡಿದರು. ಹೆಂಗಸರು ಹೋಗಬಾರದವ್ವ ಎಂದು ಯಾರೋ ಕೂಗಿದರು. ಅವ್ವ ತಲೆ ಬಗ್ಗಿಸಿ ಒಳಗೆ ಹೋದಳು.

ಮುಚ್ಚಿಟ್ಟ ಗರಡಿಯ ಮಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಅವ್ವ ಸೀರೆ ಮೇಲೆ ಕಟ್ಟಿ ಅದಕ್ಕಿಳಿದು ಅಗೆಯತೊಡಗಿದಳು. ಹೆಂಟೆ ಕಿತ್ತು ಕಿತ್ತು ಪುಡಿ ಮಾಡಿದಳು. ನಾನು ಕೊಡದಲ್ಲಿ ನೀರು ತಂದು ಚಿಮುಕಿಸಿದೆ. ಅವಳು ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವವಳಂತೆ ಹೊಡೆಯುತ್ತಿದ್ದಳು, ಅಳುತ್ತಿರಲಿಲ್ಲ. ಬಾಗಿಲಿಗೆ ನೆರಳು ಅಡ್ಡ ಬಂತು. ಅಪ್ಪ ಹೊರಗೆ ನಿಂತಿದ್ದ. ಅವ್ವ ಗುದ್ದಲಿ ಊರಿ, ಬೆವರು ಒರೆಸಿಕೊಂಡು, ನನ್ನ ಕಡೆ ತಿರುಗದೆ ನೇರ ಅವನನ್ನೇ ಕೇಳಿದಳು.

"ಇನ್ನಾ ಎಷ್ಟು ಆಳ ಅಗೀಬೇಕ್ರಿ?"

ಅಪ್ಪ ಬಗ್ಗಿ ಒಳಗೆ ನೋಡಿದ. "ಮೊಣಕಾಲು ಮಟ," ಎಂದ.

"ಅಲ್ಲೀ ತನಕ ಮೆತ್ತಗಾಗಬೇಕಾ?"

"ಹೂಂ. ಕೈ ಹಾಕಿದ್ರೆ ಮೊಣಕೈ ತನಕ ಹೋಗಬೇಕು."

"ಹಂಗಾದ್ರೆ ಬರ್ರಿ. ನನ್ನೊಬ್ಬಳ ಕೈಲಿ ಆಗಲ್ಲ."

ಅಪ್ಪ ಒಳಗೆ ಬಂದ. ಇಬ್ಬರೂ ಸಂಜೆಯವರೆಗೆ ಅಗೆದರು. ಮಾತು ಅಷ್ಟೇ ಆಡಿದ್ದು. ಹಳೆಯ ಜಗಳ, ಹಳೆಯ ನಗು ಆ ಮನೆಗೆ ಮತ್ತೆ ಬರಲಿಲ್ಲ. ಆದರೆ ಅಂದಿನಿಂದ ನನಗೆ ಒಂದೇ ಮಾತನ್ನು ಎರಡು ಸಲ ಹೇಳುವ ಕೆಲಸ ತಪ್ಪಿತು. ಗರಡಿ ತೆರೆಯಿತು. ಅರಿಶಿನ ಮಜ್ಜಿಗೆಯನ್ನು ಅವ್ವ ಒಳಗೇ ಹೋಗಿ ಬೆರೆಸಿದಳು, ಯಾರೂ ಅಡ್ಡಿ ಹೇಳಲಿಲ್ಲ. ಮೊದಲ ದಿನ ರುದ್ರೇಶಿ ಅಣ್ಣನನ್ನು ಎತ್ತಿಕೊಂಡು ಹೋಗಿ ಮಟ್ಟಿಯ ಅಂಚಿನ ಮಂಚದ ಮೇಲೆ ಮಲಗಿಸಿದ. ಉಳಿದ ದಿನಗಳಲ್ಲಿ ಗರಡಿಯ ದೊಡ್ಡ ಹುಡುಗರು ನಾಲ್ವರು ಕಂಬಳಿ ಸಮೇತ ಹೊತ್ತು ತರುತ್ತಿದ್ದರು. ಅಣ್ಣನ ದನಿ ಸಣ್ಣದಾಗಿತ್ತು. ಅದನ್ನು ಕೇಳಿಸಿಕೊಳ್ಳಲು ಹುಡುಗರು ಗಲಾಟೆ ಬಿಟ್ಟರು. ಅಷ್ಟು ನಿಶ್ಶಬ್ದವಾಗಿ ಕುಸ್ತಿ ಕಲಿಸಿದ ಗರಡಿ ಇನ್ನೆಲ್ಲಾದರೂ ಇತ್ತೋ ಇಲ್ಲವೋ.

ಎರಡು ವರ್ಷ ಹೀಗೆ ನಡೆಯಿತು. ಒಂದು ವಾರ ರುದ್ರೇಶಿ ಬಂದವನು ಸ್ನಾನ ಮಾಡಿಸಿದ, ಉಂಡ, ಹೋಗುವ ಹೊತ್ತಾದರೂ ಎದ್ದೇಳದೆ ಅಂಗೈ ಉಜ್ಜುತ್ತಾ ಕೂತ. ಅವನ ಚೀಲದಲ್ಲಿ ಸ್ವೀಟಿನ ಪೊಟ್ಟಣದ ದಾರ ಇಣುಕುತ್ತಿತ್ತು. ಅಣ್ಣ ಅದನ್ನು ನೋಡಿದ.

"ಏನ್ಲಾ ಅದು?"

"ಏನಿಲ್ಲ."

"ಪೊಲೀಸಿಗೆ ಆಯ್ತಾ?"

ರುದ್ರೇಶಿ ತಲೆ ಎತ್ತಲಿಲ್ಲ. ಕ್ರೀಡಾ ಕೋಟಾದಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಜಗಳೂರಿನ ಆ ಗೆಲುವೂ ಅದಕ್ಕೆ ಲೆಕ್ಕಕ್ಕೆ ಬಂದಿತ್ತು. ಅಣ್ಣನ ಮುಖದಲ್ಲಿ ಒಂದು ಕ್ಷಣ ಏನೋ ಹಾದು ಹೋಯಿತು. ಅದು ಏನೆಂದು ನನಗೆ ಗೊತ್ತು, ಬರೆಯುವುದಿಲ್ಲ. ಆಮೇಲೆ ಅವನು ಬಾಯಿ ತೆರೆದ.

"ಹಾಕು ಬಾಯಿಗೆ. ನಾನೇ ಕೈ ಚಾಚಿ ಇಸ್ಕಳ್ಳಾಕೆ ಆಗ್ತೈತಾ?"

ರುದ್ರೇಶಿ ಪೇಡೆ ಮುರಿದು ಅವನ ಬಾಯಿಗಿಟ್ಟ. ಅವ್ವ ಒಳಗೆ ಹೋಗಿ, ತಾನು ಅಣ್ಣನಿಗೆಂದು ಎತ್ತಿಟ್ಟಿದ್ದ ಹೊಸ ಟವೆಲ್ಲನ್ನು ತಂದು ರುದ್ರೇಶಿಯ ಹೆಗಲಿಗೆ ಹಾಕಿ, "ಚೆನ್ನಾಗಿರು ಮಗನೆ" ಎಂದಳು. ಅಪ್ಪ ಹಿತ್ತಲಿಗೆ ಹೋದವನು ಕತ್ತಲಾಗುವವರೆಗೆ ಬರಲಿಲ್ಲ.

ರುದ್ರೇಶಿ ತರಬೇತಿಗೆ ಹೋದ ಮೇಲೆ ಸ್ನಾನಕ್ಕೆ ಎತ್ತುವವರು ಯಾರು ಎಂಬ ಪ್ರಶ್ನೆ ಬಂತು. ನಾನೂ ಅವ್ವನೂ ಹೆಣಗುತ್ತಿದ್ದುದನ್ನು ಅಪ್ಪ ಬಾಗಿಲಿಂದ ನೋಡಿದ. ಹತ್ತಿರ ಬಂದು, "ಸರೀರಿ" ಎಂದು, ಮಂಡಿಯೂರಿ, ಎರಡೂ ತೋಳನ್ನು ಅಣ್ಣನ ಕೆಳಗೆ ತೂರಿಸಿ ಎತ್ತಿದ. ಅಣ್ಣನ ಹಣೆ ಅವನ ಕುತ್ತಿಗೆಗೆ ಒರಗಿತು. "ಹಗುರಾಗಿಬಿಟ್ಟೀಯಲ್ಲೋ" ಎಂದು ಅಪ್ಪ ಅಂದದ್ದು ನನಗೆ ಕೇಳಿಸಿತು. "ನೀನು ಗಟ್ಟಿಯಾಗೀದಿ ಬಿಡಪ್ಪ" ಎಂದ ಅಣ್ಣ. ಅಂದಿನಿಂದ ಅವನನ್ನು ಗರಡಿಗೂ ಅಪ್ಪನೇ ಎತ್ತಿಕೊಂಡು ಹೋಗುತ್ತಿದ್ದ.

ಮಳೆಗಾಲ ಶುರುವಾದಾಗ ಅಣ್ಣನಿಗೆ ಜ್ವರ ಹತ್ತಿತು. ಹೊನ್ನಾಳಿಯ ಡಾಕ್ಟರು ಔಷಧಿ ಬದಲಿಸಿದರು, ದಾವಣಗೆರೆಗೆ ಕರೆದೊಯ್ಯಿರಿ ಎಂದರು. ಒಂದೆರಡು ದಿನ ಇಳಿದಂತೆ ಕಂಡಿತು. ನಾಳೆ ಹೋದರಾಯಿತು, ಇವತ್ತು ಹುಡುಗರನ್ನು ನೋಡಬೇಕು ಎಂದು ಅಣ್ಣ ಹಟ ಹಿಡಿದ. ಬೆಳಗಿನ ಬಿಸಿಲು ಗರಡಿಯ ಕಿಂಡಿಯಿಂದ ಮಟ್ಟಿಯ ಮೇಲೆ ಬಿದ್ದಿತ್ತು. ಇಬ್ಬರು ಸಣ್ಣ ಹುಡುಗರು ಒಬ್ಬರ ಹೆಗಲಿಗೊಬ್ಬರು ತಲೆ ಕೊಟ್ಟು ಪಟ್ಟು ಹಿಡಿದಿದ್ದರು. ಹಿಡಿತ ಎಷ್ಟು ಹೊತ್ತು ತಾಳುತ್ತದೆಂದು ನೋಡುವುದು ಅಣ್ಣನ ಪಾಠದ ಕ್ರಮ. ತಾನು ಬಿಡು ಎನ್ನುವವರೆಗೆ ಬಿಡಕೂಡದು ಎಂದು ಕಲಿಸಿದ್ದ. "ಹಿಡೀರಿ" ಎಂದ. ಅವರು ಹಿಡಿದರು. ಅಪ್ಪ ಮೂಲೆಯಲ್ಲಿ ಮಣ್ಣು ಎಳೆಯುತ್ತಿದ್ದ. ನಾನೂ ಅವ್ವನೂ ಗಂಜಿ ತೆಗೆದುಕೊಂಡು ಒಳಗೆ ಬಂದೆವು. ಹುಡುಗರ ತೋಳು ನಡುಗುತ್ತಿದ್ದವು. ಬೆನ್ನ ಮೇಲಿನ ಬೆವರು ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ಒಬ್ಬ ಸಣ್ಣಗೆ ಮುಲುಗಿದ. ಅಣ್ಣ ಅವರನ್ನೇ ನೋಡುತ್ತಿದ್ದ. ಬಿಡು ಎನ್ನಲಿಲ್ಲ. ನಾನು ಅವನ ಮೂಗಿನ ಹತ್ತಿರ ಕೈಯಿಟ್ಟೆ. ಅವ್ವನ ಕೈಯಿಂದ ಬಟ್ಟಲು ಜಾರಿತು.

ಅಪ್ಪ ಬಂದು ಮಂಚದ ಬಳಿ ಕುಸಿದು ಕೂತ. ಸ್ವಲ್ಪ ಹೊತ್ತಿನ ಮೇಲೆ ಮಟ್ಟಿಯ ಕಡೆ ತಿರುಗಿ, "ಬಿಡ್ರಪ್ಪಾ, ಸಾಕು" ಎಂದ. ಹುಡುಗರು ಬಿಡಲಿಲ್ಲ. ಅವರು ಕಾಯುತ್ತಿದ್ದದ್ದು ಅಪ್ಪನ ಮಾತಿಗಲ್ಲ. ಅವ್ವ ಮಣ್ಣಿಗಿಳಿದು, ಅವರಿಬ್ಬರ ನಡುವೆ ಬಗ್ಗಿ, ಬಿಗಿದುಕೊಂಡಿದ್ದ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.